ಐವತ್ತೆರಡು ಸಂತೆಯ ಚೀಲ

ಕಾರವಾರದಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿದ್ದು ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ, ಸಂಸಾರ ಹೂಡಿದ್ದು ಇಲ್ಲಿ, ಕಾರವಾರದಲ್ಲಿ. ಘಟ್ಟದ ಮೇಲಿನ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಇವತ್ತಿಗೂ ‘ಕೊಟ್ಟೆ’ ಅನ್ನುತ್ತಾರೆ. ‘ಆ ಕೊಟ್ಟೆ ಇತ್ಲಾಗೆ ಕೊಡು’, ‘ಸಕ್ಕರೆ ಕೊಟ್ಟೆ ಹರಿದು ಹೋತು’ ಅನ್ನುವುದು ದಿನದ ಮಾತು. ಆದರೆ ನಾನು ಚಿಕ್ಕವಳಿದ್ದಾಗ ಕೊಟ್ಟೆ ಅಂದರೆ ಎಲೆಯದು. ನಾಲ್ಕು ಹಲಸಿನ ಎಲೆ ಜೋಡಿಸಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ, ಅಜ್ಜಿ ಜಗಲಿಯಲ್ಲಿ ಕೂತು ಸಾಲುಸಾಲಾಗಿ ಕಟ್ಟಿಡುತ್ತಿದ್ದಳು. ಅದಕ್ಕೆ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಕೊಟ್ಟೆ ಕಡುಬು. ತಿಂದಾದ ಮೇಲೆ ಎಲೆ ಗೊಬ್ಬರದ ಗುಂಡಿಗೆ, ಗುಂಡಿಯಿಂದ ತೋಟಕ್ಕೆ. ವಸ್ತು ಬದಲಾಯಿತು, ಹೆಸರು ಹಾಗೇ ಉಳಿಯಿತು. ಹೆಸರಿನ ಜೊತೆ ಎಸೆಯುವ ಅಭ್ಯಾಸವೂ ಉಳಿದುಕೊಂಡಿತು ಅಂತ ನನಗೆ ಅನ್ನಿಸುತ್ತದೆ. ಎಲೆಯ ಕೊಟ್ಟೆಯನ್ನು ಎಸೆದಷ್ಟೇ ನಿಶ್ಚಿಂತೆಯಿಂದ ನಾವು ಪ್ಲಾಸ್ಟಿಕ್ ಕೊಟ್ಟೆಯನ್ನೂ ಎಸೆದೆವು. ನಮ್ಮ ಹಿರಿಯರು ಬುದ್ಧಿಗೇಡಿಗಳಾಗಿದ್ದರು ಅಂತ ಇದರ ಅರ್ಥ ಅಲ್ಲ. ಎಸೆದದ್ದು ಮಣ್ಣಾಗುತ್ತದೆ ಅನ್ನುವುದು ಅವರ ಪಾಲಿಗೆ ಸಾವಿರಾರು ವರ್ಷ ಸುಳ್ಳಾಗದೇ ಬಂದಿದ್ದ ಸಂಗತಿ.

ಇಲ್ಲಿ ಕೂತವರಲ್ಲಿ ರಂಪಣಿ ಬಲೆ ಎಳೆದ ಮನೆಯವರು ಇದ್ದೀರಿ. ನಿಮಗೆ ಹೇಳಬೇಕಾದ್ದೇನಿಲ್ಲ, ಘಟ್ಟದ ಮೇಲಿಂದ ಬಂದ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಆಮೇಲೆ ದಂಡೆಯ ಮೇಲೆ ಎರಡೂ ತುದಿಗೆ ಜನ ನಿಂತು ಗಂಟೆಗಟ್ಟಲೆ ಎಳೆಯುತ್ತಾರೆ. ಕಳೆದ ವರ್ಷ ಒಂದು ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ಬಲೆ ದಡಕ್ಕೆ ಬರುವಾಗ ನಾನು ಅಲ್ಲೇ ನಿಂತಿದ್ದೆ. ತಾರ್ಲೆ, ಒಂದಿಷ್ಟು ಬಂಗಡೆ, ಅವುಗಳ ನಡುವೆ ಕೊಟ್ಟೆಗಳು. ಒಬ್ಬ ಹೆಂಗಸು ಬಲೆಯ ಕಣ್ಣಿನಿಂದ ಒಂದು ಕೊಟ್ಟೆಯನ್ನು ಬಿಡಿಸುತ್ತ ಕೂತಿದ್ದಳು. ಒಳಗೆ ಮರಳು ತುಂಬಿ ಕಲ್ಲಿನ ಹಾಗೆ ಭಾರ. ಹೊರಗೆಲ್ಲ ಹಸಿರು ಲೋಳೆ. ಬೆರಳಿನಿಂದ ಲೋಳೆ ಒರೆಸಿದರೆ ಬಟ್ಟೆ ಅಂಗಡಿಯ ಹೆಸರಿನ ಅಕ್ಷರ ಸ್ಪಷ್ಟವಾಗಿ ಓದಲಿಕ್ಕೆ ಬಂತು. ಅವಳು ಅದನ್ನು ಬಿಡಿಸಿ ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈ ಹಾಕಿದಳು. ಒಂದೊಂದಕ್ಕೂ ಎರಡು ಮೂರು ನಿಮಿಷ. ಮೀನಿಗೆ ಬೆಲೆ ಇದೆ, ಆ ನಿಮಿಷಗಳಿಗೆ ಬೆಲೆ ಕೊಡುವವರು ಯಾರೂ ಇಲ್ಲ.

ಆ ಹಸಿರು ಲೋಳೆಯ ಬಗ್ಗೆ ಒಂದು ಮಾತು. ನೀರಿನಲ್ಲಿ ತೇಲುವ ಕೊಟ್ಟೆ ಕಡಲಾಮೆಯ ಕಣ್ಣಿಗೆ ಲೋಳೆಮೀನಿನ ಹಾಗೆ ಕಾಣುತ್ತದೆ ಅಂತ ನಾವು ಕೇಳಿದ್ದೇವೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಮೆಗಳಿಗೆ ವಾಸನೆಯ ಪರೀಕ್ಷೆ ಮಾಡಿದರು. ಶುದ್ಧ ಪ್ಲಾಸ್ಟಿಕ್ಕಿನ ವಾಸನೆಗೆ ಅವು ಮೂಸಿ ನೋಡಲಿಲ್ಲ. ಕಡಲಲ್ಲಿ ನೆನೆದು ಪಾಚಿ ಹಿಡಿದ ಪ್ಲಾಸ್ಟಿಕ್ಕಿನ ವಾಸನೆಗೆ ಮಾತ್ರ ಊಟದ ವಾಸನೆ ಬಂದ ಹಾಗೆಯೇ ಮೂಗು ಮೇಲೆತ್ತಿದವು. ನಮ್ಮ ದೇವಬಾಗ, ಮಾಜಾಳಿ ದಂಡೆಗಳಿಗೆ, ಆ ಕಡೆ ಹೊನ್ನಾವರದ ಕಾಸರಕೋಡಿಗೆ, ಪ್ರತಿ ಚಳಿಗಾಲ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲಿಕ್ಕೆ ಬರುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಮಗಳ ಎದುರು ನಾವು ಏನು ಹರಡಿ ಇಟ್ಟಿದ್ದೇವೆ ಅಂತ ಯೋಚಿಸಿ.

ಇಷ್ಟು ಹೇಳಿದ ಮೇಲೆ ‘ಸರಿ, ಬಟ್ಟೆ ಚೀಲ ಹಿಡಿಯೋಣ, ಮಾತು ಮುಗಿಯಿತು’ ಅನ್ನಬಹುದು. ಆದರೆ ಈ ಸಭೆಗೆ ಕರೆ ಬಂದ ವಾರವೇ ಒಬ್ಬ ವಿದ್ಯಾರ್ಥಿನಿ ನನಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸಿದಳು. ‘ಬಟ್ಟೆ ಚೀಲವನ್ನು 20,000 ಸಲ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕಿಂತ ಒಳ್ಳೆಯದು, ಹಾಗಂತ ವಿಜ್ಞಾನಿಗಳೇ ಹೇಳಿದ್ದಾರೆ, ನಿಜವೇ?’ ಅಂತ ಕೇಳಿದ್ದಳು. ಸುಳ್ಳು ಸುದ್ದಿ ಅಂತ ತಳ್ಳಿಹಾಕಬಹುದಿತ್ತು. ಆದರೆ ಆ ಅಂಕಿ ಸುಳ್ಳಲ್ಲ. ಅದು ಎಲ್ಲಿಂದ ಬಂತು, ಯಾರ ಊರಿನ ಲೆಕ್ಕ ಅನ್ನುವುದನ್ನು ಬಿಡಿಸಿ ನೋಡದೇ ಇದ್ದರೆ ನಾವು ಅದಕ್ಕೂ ಮೋಸ ಮಾಡಿದ ಹಾಗೆ, ನಮಗೂ ಮೋಸ ಮಾಡಿಕೊಂಡ ಹಾಗೆ.

2018ರಲ್ಲಿ ಡೆನ್ಮಾರ್ಕ್ ದೇಶದ ಪರಿಸರ ಸಂರಕ್ಷಣಾ ಇಲಾಖೆ ಒಂದು ವರದಿ ಹೊರತಂದಿತು. ಅಂಗಡಿ ಚೀಲಗಳ ಹುಟ್ಟಿನಿಂದ ಸಾವಿನವರೆಗಿನ ಲೆಕ್ಕ ಅದು. ಅಡಿಕೆ ಬೆಳೆಯುವವರಿಗೆ ಇಂಥ ಲೆಕ್ಕ ಹೊಸದಲ್ಲ. ಕ್ವಿಂಟಾಲಿಗೆ ಇಷ್ಟು ಬಂತು ಅಂದರೆ ಸಾಲದು, ಸೊಪ್ಪು, ಗೊಬ್ಬರ, ಔಷಧಿ ಹೊಡೆದದ್ದು, ಕೊನೆ ಕೊಯ್ಲು, ಸುಲಿತ, ಬೇಯಿಸಿದ ಕಟ್ಟಿಗೆ, ಮಂಡಿಯ ಬಾಡಿಗೆ ಎಲ್ಲ ಹಿಡಿದರೆ ತಾನೆ ಲೆಕ್ಕ ಕೂಡುವುದು? ಹಾಗೆಯೇ ಅವರು ಹತ್ತಿ ಬೆಳೆಯಲು ಬೇಕಾದ ನೀರು, ಗೊಬ್ಬರ, ನೂಲು ತೆಗೆಯುವ ವಿದ್ಯುತ್ತು, ಸಾಗಾಟ, ಕೊನೆಗೆ ಸುಡುವುದು, ಎಲ್ಲ ಕೂಡಿಸಿದರು. ಅಲ್ಲಿನ ಅಂಗಡಿಗಳಲ್ಲಿ ಕೊಡುವ ಸಾಧಾರಣ ಪ್ಲಾಸ್ಟಿಕ್ ಚೀಲಕ್ಕೆ ಎಲ್ಲವನ್ನೂ ಹೋಲಿಸಿದರು. ಸಾವಯವ ಹತ್ತಿಯ ಚೀಲ ಎಲ್ಲ ಬಾಬತ್ತಿನಲ್ಲೂ, ಅಂದರೆ ಪರಿಸರಕ್ಕೆ ಆಗುವ ಒಂದೊಂದು ಬಗೆಯ ಹಾನಿಯಲ್ಲೂ, ಪ್ಲಾಸ್ಟಿಕ್ಕಿಗೆ ಸರಿಗಟ್ಟಬೇಕಾದರೆ 20,000 ಸಲ ಬಳಸಬೇಕು, ಸಾಮಾನ್ಯ ಹತ್ತಿಯದಾದರೆ 7,100 ಸಲ. ವಾರಕ್ಕೊಂದು ಸಂತೆಯಂತೆ 20,000 ಅಂದರೆ 384 ವರ್ಷ. ಆಗುವ ಹೋಗುವ ಮಾತಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಅದನ್ನು ಯಾರೂ ಮುಂದಕ್ಕೆ ಕಳಿಸುವುದಿಲ್ಲ. ಅಷ್ಟು ದೊಡ್ಡ ಸಂಖ್ಯೆ ಬಂದದ್ದು ಓಝೋನ್ ಪದರಕ್ಕೆ ಸಂಬಂಧಿಸಿದ ಒಂದೇ ಬಾಬತ್ತಿನಿಂದ. ಭೂಮಿ ಬಿಸಿಯಾಗುವುದನ್ನಷ್ಟೇ ಹಿಡಿದರೆ ಸಾಮಾನ್ಯ ಹತ್ತಿ ಚೀಲಕ್ಕೆ ಬೇಕಾದದ್ದು 52 ಬಳಕೆ. ಐವತ್ತೆರಡು! ಕಾರವಾರದ ಭಾನುವಾರದ ಸಂತೆ ವರ್ಷಕ್ಕೆ ಎಷ್ಟು ಸಲ ನೆರೆಯುತ್ತದೆ, ನೀವೇ ಹೇಳಿ. ಒಂದು ಚೀಲ ಹಿಡಿದು ಒಂದು ವರ್ಷ ತಪ್ಪದೇ ಸಂತೆಗೆ ಹೋದರೆ ಆ ಬಾಬತ್ತಿನ ಸಾಲ ತೀರಿತು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಮಾಡಿದ ಲೆಕ್ಕದಲ್ಲಿ ಇದು 131 ಸಲ. ಅಂದರೆ ಎರಡೂವರೆ ವರ್ಷದ ಸಂತೆ. ನಮ್ಮ ಅಮ್ಮನ ಖಾಕಿ ಚೀಲ ಎಷ್ಟು ವರ್ಷ ಬಾಳಿತ್ತು ಅಂತ ನೆನಪು ಮಾಡಿಕೊಂಡರೆ ಈ ಎರಡೂವರೆ ವರ್ಷ ಏನೂ ಅಲ್ಲ.

ಈ ಲೆಕ್ಕದಲ್ಲಿ ಬಾರದೇ ಹೋದದ್ದು ಯಾವುದು ಅನ್ನುವುದು ನಮಗೆ ಇನ್ನೂ ಮುಖ್ಯ. ಡೆನ್ಮಾರ್ಕಿನಲ್ಲಿ ಖಾಲಿಯಾದ ಚೀಲ ಮನೆಯ ಕಸದ ಬುಟ್ಟಿಗೆ ಒಳಹೊದಿಕೆಯಾಗುತ್ತದೆ, ಕಸದ ಜೊತೆ ಕಾರ್ಖಾನೆಗೆ ಹೋಗಿ ಉರಿದು ವಿದ್ಯುತ್ತು, ಶಾಖ ಕೊಡುತ್ತದೆ. ಬೀದಿಗೆ, ಕಡಲಿಗೆ ಹೋಗುವುದು ಅಲ್ಲಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ ಅಂತ ಹೇಳಿ ಅವರು ಅದನ್ನು ಕೈಬಿಟ್ಟರು. ಅವರ ಊರಿಗೆ ಅದು ಸರಿ ಇರಬಹುದು. ರಂಪಣಿ ಬಲೆಯ ಎದುರು ಕೂತ ಆ ಹೆಂಗಸಿನ ಎರಡು ಮೂರು ನಿಮಿಷ ಆ ಕೋಷ್ಟಕದಲ್ಲಿ ಇಲ್ಲ. ಆಷಾಢದ ಮಳೆಯಲ್ಲಿ ಗಟಾರ ಕಟ್ಟಿ ನೀರು ಅಂಗಡಿಗೆ ನುಗ್ಗುವುದು ಇಲ್ಲ. ಅನ್ನದ ವಾಸನೆಗೆ ಕೊಟ್ಟೆಯನ್ನೇ ನುಂಗಿದ ದನ ಇಲ್ಲ. ದನದ ಮೊದಲ ಹೊಟ್ಟೆಗೆ ಇಳಿದ ಪ್ಲಾಸ್ಟಿಕ್ಕು ಮುಂದೆ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಒಂದರ ಮೇಲೊಂದು ಸುತ್ತಿಕೊಂಡು ಉಂಡೆಯಾಗುತ್ತದೆ. ಹೊಟ್ಟೆ ತುಂಬಿದ ಹಾಗೆ ಉಬ್ಬಿಕೊಂಡು ಬೆನ್ನುಮೂಳೆ ಎದ್ದು ಕಾಣುವ ದನ ಬಸ್ ನಿಲ್ದಾಣದ ಹತ್ತಿರ ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಅದು ಹಸಿವಿನಿಂದ ಸಾಯುತ್ತಿದೆ.

ಬಾಂಗ್ಲಾದೇಶ 2002ರಲ್ಲೇ ಪಾಲಿಥೀನ್ ಚೀಲ ನಿಷೇಧಿಸಿತು. 1988 ಮತ್ತು 1998ರ ನೆರೆಯಲ್ಲಿ ಚರಂಡಿಗಳಿಗೆ ಏನು ಸಿಕ್ಕಿಕೊಂಡಿತ್ತು ಅನ್ನುವುದನ್ನು ಅವರು ಕಣ್ಣಾರೆ ಕಂಡಿದ್ದರು. ಮುಂಬಯಿಯಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗಲೂ ಅದೇ ಪಾಠ. ಮಳೆಗಾಲದ ನಾಡಿನ ಲೆಕ್ಕವೇ ಬೇರೆ. ನಮಗೆ ಹತ್ತಿರ ಇರುವುದು ಢಾಕಾ, ಮುಂಬಯಿ. ಡೆನ್ಮಾರ್ಕಿನ ಕೋಪನ್ ಹೇಗನ್ ಅಲ್ಲ.

ಹಾಗಂತ ಹತ್ತಿ ನಿರಪರಾಧಿ ಅಂತ ನಾನು ಹೇಳಲಾರೆ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಜಗತ್ತಿನ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಇದೆ. ಬ್ರಿಟನ್ನಿನ ಆ ಅಧ್ಯಯನದಲ್ಲಿ ತೂಗಿದ ಹತ್ತಿ ಚೀಲ ಸುಮಾರು 183 ಗ್ರಾಂ. ಅಂದರೆ ಒಂದು ಚೀಲಕ್ಕೆ ಸಾವಿರದ ಎಂಟುನೂರು ಲೀಟರ್ ಹತ್ತಿರ. ಈ ನೀರು ನಮ್ಮ ಕಾಳಿ, ಅಘನಾಶಿನಿಯದಲ್ಲ. ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆಯ ರೈತನ ಹೊಲದ್ದು. ಆದ್ದರಿಂದ ಮದುವೆಗೆ, ಗೃಹಪ್ರವೇಶಕ್ಕೆ, ವಿಚಾರ ಸಂಕಿರಣಕ್ಕೆ ಹೋದಲ್ಲೆಲ್ಲ ಹೆಸರು ಅಚ್ಚು ಹಾಕಿಸಿದ ಹೊಸ ಬಟ್ಟೆ ಚೀಲ ಹಂಚುವುದು ಕಂಡರೆ ನನಗೆ ಸಂಕಟವಾಗುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಒಂದು ಮನೆಯಲ್ಲಿ ಮೂವತ್ತು ಬಟ್ಟೆ ಚೀಲ ಸೇರಿದರೆ, ಒಂದೊಂದಕ್ಕೂ ಐವತ್ತೆರಡು ಸಂತೆ ಕಾಣಿಸಲಿಕ್ಕೆ ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ಅರ್ಧ ಚೀಲ ಇಲಿ ಕಡಿದಿರುತ್ತದೆ, ಉಳಿದರ್ಧಕ್ಕೆ ಮಳೆಗಾಲದ ಬೂಷ್ಟು ಹಿಡಿದಿರುತ್ತದೆ.

ಇನ್ನು ಕಾಗದ. ಕಾಗದದ ಚೀಲ ಕಂಡ ಕೂಡಲೇ ನಮಗೆ ಪರಿಸರದ ನೆನಪು ಬರುತ್ತದೆ. ಅದು ಮಣ್ಣಲ್ಲಿ ಕರಗುತ್ತದೆ, ಆಮೆಯ ಹೊಟ್ಟೆಯಲ್ಲಿ ಉಂಡೆಯಾಗಿ ಕೂರುವುದಿಲ್ಲ. ಒಪ್ಪಿಕೊಂಡೆ. ಆದರೆ ಕಾಗದ ಎಲ್ಲಿಂದ ಬರುತ್ತದೆ ಅಂತ ಉತ್ತರ ಕನ್ನಡದವರು ಯಾರನ್ನೂ ಕೇಳಬೇಕಾಗಿಲ್ಲ, ಕಾಳಿ ನದಿಯ ಗುಂಟ ಮೇಲೆ ಹೋದರೆ ಸಾಕು. ದಾಂಡೇಲಿಯಲ್ಲಿ 1950ರ ದಶಕದ ಕೊನೆಗೆ ಕಾಗದದ ಉತ್ಪಾದನೆ ಶುರುವಾಯಿತು. ಕಚ್ಚಾ ಮಾಲು ನಮ್ಮ ಕಾಡಿನ ಬಿದಿರು. ಅದನ್ನು ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತ್ತು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತೆ ಮತ್ತೆ ಬರೆದಿದ್ದಾರೆ. ಅದೇ ಬಿದಿರನ್ನು ಬುಟ್ಟಿ ಹೆಣೆಯುವ ಮೇದಾರರು ಎಷ್ಟೋ ಪಟ್ಟು ಹೆಚ್ಚು ಕೊಟ್ಟು ಕೊಳ್ಳಬೇಕಿತ್ತು. ಎಪ್ಪತ್ತರ ದಶಕದಲ್ಲಿ ಬಿದಿರು ಯಾಕೆ ಕಡಿಮೆಯಾಗುತ್ತಿದೆ ಅಂತ ಗಾಡ್ಗೀಳರು ಮತ್ತು ಅವರ ಸಂಗಡಿಗರು ಈ ಜಿಲ್ಲೆಯಲ್ಲಿ ಅಧ್ಯಯನಕ್ಕೆ ಇಳಿದರು. ಆಗ ಹೊರಬಂದ ಒಂದು ಸಂಗತಿ ನನಗೆ ಬಹಳ ಇಷ್ಟ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದೆ. ಹಳ್ಳಿಯವರು ಬಿದಿರು ಕಡಿಯುವಾಗ ಅದನ್ನು ಮುಟ್ಟುತ್ತಿರಲಿಲ್ಲ, ಮೇಲೆ ಮೇಲೆ ಕಡಿಯುತ್ತಿದ್ದರು. ಕಾರ್ಖಾನೆಗೆ ಕಡಿಯುವಾಗ ಬುಡ ಸವರಿ ಸ್ವಚ್ಛ ಮಾಡಿದರು. ಮುಳ್ಳಿನ ಬೇಲಿ ಹೋದ ಕೂಡಲೇ ಎಳೆ ಕಳಲೆ ದನ, ಕಾಡುಪ್ರಾಣಿಗಳ ಬಾಯಿಗೆ ಬಿತ್ತು. ಹೊಸ ಬಿದಿರು ಏಳಲೇ ಇಲ್ಲ. ಮುಳ್ಳು ಯಾಕಿದೆ ಅಂತ ಕಳಲೆ ಮುರಿದು ಪಲ್ಯ ಮಾಡುವ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು.

ಈಗ ಕಾಗದಕ್ಕೆ ಹೆಚ್ಚಾಗಿ ನೆಡುತೋಪಿನ ನೀಲಗಿರಿ, ಅಕೇಶಿಯಾ, ಸುಬಾಬುಲ್ ಹೋಗುತ್ತದೆ. ಆದರೂ ಶಿರಸಿಯ ಸಲಕಣಿಯಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತ ಜಿಲ್ಲೆ ಇದು. ಕಾಡು ಕಡಿದು ತೋಪು ನೆಟ್ಟರೆ ಏನಾಗುತ್ತದೆ ಅಂತ ಅಪ್ಪಿಕೋ ಚಳವಳಿ ನಮಗೆ ಹೇಳಿಕೊಟ್ಟಿದೆ. ಹಾಗಿರುವಾಗ ಅಂಗಡಿಯಿಂದ ಮನೆಗೆ ಹತ್ತು ನಿಮಿಷ ಬಾಳುವ ಚೀಲಕ್ಕೆ ಮರ ಅರೆಯುವುದನ್ನು ನಾವು ಪರಿಸರಪ್ರೇಮ ಅನ್ನಬಾರದು. ತೂಕ ನೋಡಿ. ಬ್ರಿಟನ್ನಿನ ಅಧ್ಯಯನದಲ್ಲಿ ಪ್ಲಾಸ್ಟಿಕ್ ಚೀಲ ಸುಮಾರು 8 ಗ್ರಾಂ, ಕಾಗದದ್ದು ಸುಮಾರು 55 ಗ್ರಾಂ. ಅಷ್ಟೇ ಸಾಮಾನು ಹೊರಲಿಕ್ಕೆ ಏಳು ಪಟ್ಟು ವಸ್ತು, ಸಾಗಿಸಲು ಅಷ್ಟೇ ಹೆಚ್ಚು ಲಾರಿ. ಅದಕ್ಕಿಂತ ಸರಳ ಸಂಗತಿ ಒಂದಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕರಾವಳಿಯಲ್ಲಿ ಕಾಗದದ ಚೀಲ ಹಿಡಿದು ಒಬ್ಬರು ಬಸ್ಸಿನಿಂದ ಇಳಿದು ಮನೆ ಮುಟ್ಟಿದ್ದನ್ನು ನಾನು ನೋಡಬೇಕು. ಹಸಿ ಮೀನಿಗಂತೂ ಆ ಮಾತೇ ಬೇಡ. ಹಳೇ ಪತ್ರಿಕೆಯ ಪೊಟ್ಟಣದ ಮಾತು ಬೇರೆ, ಅದು ಮರುಬಳಕೆ. ಆದರೆ ತಿನ್ನುವ ಸಾಮಾನಿಗೆ ಅದು ಬೇಡ. ಬಿಸಿ ವಡೆ, ಭಜಿಯನ್ನಂತೂ ಅದರಲ್ಲಿ ಕಟ್ಟಿಸಿಕೊಳ್ಳಲೇಬೇಡಿ, ಶಾಯಿ ಎಣ್ಣೆಗೆ ಇಳಿಯುತ್ತದೆ.

ಈಗ ನಾನು ಮೇಜಿನ ಮೇಲೆ ಇಟ್ಟ ಈ ನೀಲಿ ಚೀಲ ನೋಡಿ. ಕೈಯಿಂದ ಕೈಗೆ ಕೊಟ್ಟು ಮುಟ್ಟಿ ನೋಡಿ. ಇದು ಬಟ್ಟೆಯೇ? (ಸಭೆಯಲ್ಲಿ ಹೆಚ್ಚಿನವರು ಬಟ್ಟೆ ಅಂದರು.) ಅಂಗಡಿಯವರೂ ಹಾಗೇ ಹೇಳಿ ಕೊಡುತ್ತಾರೆ. ನಾನು ಇದರಿಂದ ಒಂದು ಚೂರು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರುತ್ತೇನೆ. ನೋಡಿ, ಬೆಂಕಿ ತಾಗುವ ಮೊದಲೇ ಮುದುಡಿ ಹಿಂದೆ ಸರಿಯಿತು. ಈಗ ತೊಟ್ಟಿಕ್ಕುತ್ತಿದೆ. ಮೇಣದಬತ್ತಿ ಆರಿಸಿದ ವಾಸನೆ ಮುಂದಿನ ಸಾಲಿಗೆ ಬಂದಿರಬೇಕು. ತಟ್ಟೆಗೆ ಬಿದ್ದ ಹನಿ ಆರಿದ ಮೇಲೆ ಗಟ್ಟಿ ಮಣಿ, ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಇನ್ನು ಇದು ನನ್ನ ಹಳೇ ಹತ್ತಿ ಸೀರೆಯ ಅಂಚು. ಕಾಗದದ ಹಾಗೆ ಉರಿಯಿತು, ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿ. ನೀಲಿ ಚೀಲ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನದು. ನೇಯದೆ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದು, ಅದಕ್ಕೇ ನಾನ್ ವೋವನ್ ಅನ್ನುತ್ತಾರೆ. ಗಟ್ಟಿಯಾದದ್ದನ್ನು ವರ್ಷಗಟ್ಟಲೆ ಬಳಸಿದರೆ ದೂರುವಂಥದ್ದೇನಿಲ್ಲ. ಆದರೆ ತೆಳ್ಳಗಿನದು ನಾಲ್ಕು ಸಲಕ್ಕೆ ಹಿಡಿಕೆ ಕಿತ್ತು ಬರುತ್ತದೆ. ಹಿತ್ತಿಲ ಬೇಲಿಗೆ ಸಿಕ್ಕಿಸಿದ ಒಂದು ಚೀಲ ಎರಡು ಬೇಸಿಗೆಯ ಬಿಸಿಲು ಕಂಡ ಮೇಲೆ ನಾನು ಮುಟ್ಟಿದೆ, ಅವಲಕ್ಕಿಯ ಹಾಗೆ ಚೂರುಚೂರಾಗಿ ಕೈಗೆ ಬಂತು. ಗುಡಿಸಿ ತೆಗೆಯಲೂ ಆಗಲಿಲ್ಲ, ಮಣ್ಣಿಗೆ ಸೇರಿಹೋಯಿತು.

‘ಜೈವಿಕವಾಗಿ ಕರಗುವ ಚೀಲ’ ಅಂತ ಹಸಿರು ಎಲೆಯ ಚಿತ್ರ ಹಾಕಿಕೊಂಡು ಬರುವುದನ್ನೂ ಕಣ್ಣುಮುಚ್ಚಿ ನಂಬಬೇಡಿ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಇಂಥ ಚೀಲಗಳನ್ನು ಮಣ್ಣಲ್ಲಿ ಹೂತಿಟ್ಟರು, ಸಮುದ್ರದಲ್ಲಿ ಮುಳುಗಿಸಿಟ್ಟರು. 2019ರಲ್ಲಿ ಫಲಿತಾಂಶ ಬಂತು. ಕರಗುತ್ತದೆ ಅಂತ ಬರೆದುಕೊಂಡ ಚೀಲ ಮೂರು ವರ್ಷದ ನಂತರವೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಕಾಂಪೋಸ್ಟ್ ಆಗುತ್ತದೆ ಅಂದದ್ದು ಸಮುದ್ರದಲ್ಲಿ ಮೂರು ತಿಂಗಳಲ್ಲಿ ಮಾಯವಾಯಿತು, ಆದರೆ ಮಣ್ಣಲ್ಲಿ 27 ತಿಂಗಳು ಕಳೆದರೂ ಇತ್ತು.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕರ್ನಾಟಕದಲ್ಲಿ 2016ರ ಮಾರ್ಚಿನಿಂದಲೇ ಪ್ಲಾಸ್ಟಿಕ್ ಕೈಚೀಲ ನಿಷೇಧ, ದಪ್ಪ ಎಷ್ಟೇ ಇರಲಿ. ಕೇಂದ್ರದ ನಿಯಮದಲ್ಲಿ ಚೀಲಕ್ಕೆ ಇರಬೇಕಾದ ಕನಿಷ್ಠ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ಇಟ್ಟುಕೊಂಡರೆ ಅಂದಾಜು ಸಿಗುತ್ತದೆ. ದಪ್ಪ ಯಾಕೆ ಮುಖ್ಯ? ಐದು ಗ್ರಾಮಿನ ತೆಳು ಕೊಟ್ಟೆ ಇನ್ನೂರು ಆರಿಸಿದರೆ ಒಂದು ಕಿಲೋ. ಚಿಂದಿ ಆಯುವವರು ಬಾಟಲಿ ಬಿಡುವುದಿಲ್ಲ, ಕೊಟ್ಟೆ ಮುಟ್ಟುವುದಿಲ್ಲ. ಅವರ ಬೆನ್ನು ಬಾಗಿದ್ದಕ್ಕೆ ಅದರಲ್ಲಿ ಕೂಲಿ ಹುಟ್ಟುವುದಿಲ್ಲ.

ನಿಷೇಧ ಇದ್ದೂ ಕೊಟ್ಟೆ ಯಾಕೆ ಸಂತೆಯಲ್ಲಿದೆ ಅಂತ ನಾನು ಹಾಲಕ್ಕಿ ಸಮುದಾಯದ ಒಬ್ಬ ಅಜ್ಜಿಯನ್ನು ಕೇಳಿದೆ. ಅಂಕೋಲೆಯ ಕಡೆಯವಳು, ಬಸಳೆ, ಹರಿವೆ, ಮೊಗೆಕಾಯಿ ತರುತ್ತಾಳೆ. ಕೊರಳ ತುಂಬ ಕರಿಮಣಿ, ತೊಡೆಯ ಕೆಳಗೆ ಮುಚ್ಚಿಟ್ಟ ಕೊಟ್ಟೆಯ ಕಟ್ಟು. ‘ನಾ ಕೊಡದಿದ್ರೆ ಆಚೆ ಕೂತವ್ಳ ಹತ್ರ ಹೋಗ್ತಾರೆ ತಂಗಿ’ ಅಂದಳು. ಆ ಕೊಟ್ಟೆಗಳಿಗೆ ದುಡ್ಡು ಕೊಡುವವಳು ಅವಳು. ದಂಡ ಬಿದ್ದರೆ ಕಟ್ಟುವವಳೂ ಅವಳೇ. ದಿನದ ದುಡಿಮೆ ಎಲ್ಲ ಸೇರಿ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತು. ಬರಿಗೈಯಲ್ಲಿ ಸಂತೆಗೆ ಹೋದ ನನ್ನ ನಿಮ್ಮ ತಪ್ಪಿಗೆ ಆ ಅಜ್ಜಿ ದಂಡ ತೆರುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಐರ್ಲೆಂಡಿನಲ್ಲಿ 2002ರಲ್ಲಿ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಗಿರಾಕಿಯಿಂದಲೇ 15 ಸೆಂಟ್ ತೆರಿಗೆ ವಸೂಲು ಮಾಡಿದರು. ತಲೆಗೆ ವರ್ಷಕ್ಕೆ ಸುಮಾರು 328 ಇದ್ದ ಚೀಲ 21ಕ್ಕೆ ಇಳಿಯಿತು. ಭಾಷಣ ಕೇಳಿ ಹಾಗಾದದ್ದಲ್ಲ. ಪ್ರತಿ ಸಲ ಕಿಸೆಗೆ ಕೈ ಹಾಕುವಾಗ ಚೀಲ ಮನೆಯಲ್ಲಿ ಬಿಟ್ಟುಬಂದದ್ದು ನೆನಪಾಯಿತು, ಅಷ್ಟೇ.

ನೆನಪು ಅಂದೆ. ನನ್ನ ಪ್ರಕಾರ ಕಾಗದ, ಪ್ಲಾಸ್ಟಿಕ್, ಬಟ್ಟೆ ಅನ್ನುವ ಇಡೀ ಜಗಳ ಬಂದು ನಿಲ್ಲುವುದು ಇಲ್ಲೇ. ಪ್ಲಾಸ್ಟಿಕ್ ಚೀಲವನ್ನು ಈಗಿನ ರೂಪದಲ್ಲಿ ಮಾಡಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್, ಅದಕ್ಕೆ 1965ರಲ್ಲಿ ಪೇಟೆಂಟ್ ಸಿಕ್ಕಿತು. ಕಾಗದದ ಚೀಲಕ್ಕಾಗಿ ಕಾಡು ಕಡಿಯುವುದು ತಪ್ಪಲಿ, ಹಗುರವಾದ, ಮತ್ತೆ ಮತ್ತೆ ಬಳಸುವ ಚೀಲ ಇರಲಿ ಅನ್ನುವುದು ಅವರ ಆಸೆಯಾಗಿತ್ತಂತೆ. ಅವರು ಯಾವಾಗಲೂ ಒಂದನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು ಅಂತ ಅವರ ಮಗ ಹೇಳಿದ್ದಾರೆ. ಅವರು ಮಾಡಿದ ವಸ್ತುವನ್ನು ಜಗತ್ತು ತೆಗೆದುಕೊಂಡಿತು, ಮಡಚಿ ಕಿಸೆಯಲ್ಲಿಟ್ಟುಕೊಳ್ಳುವುದನ್ನು ಬಿಟ್ಟುಬಿಟ್ಟಿತು. ಚೀಲ ಯಾವುದರಿಂದ ಆಗಿದೆ ಅನ್ನುವುದಕ್ಕಿಂತ ಅದು ಎಷ್ಟು ಸಲ ಸಂತೆಗೆ ವಾಪಸು ಹೋಯಿತು ಅನ್ನುವುದರ ಮೇಲೆ ಅದರ ಯೋಗ್ಯತೆ ನಿಂತಿದೆ.

ಹಾಗಾದರೆ ಯಾವ ಚೀಲ? ಮನೆಯಲ್ಲಿ ಈಗಾಗಲೇ ಇರುವ ಬಟ್ಟೆಯದು. ಹಳೇ ಸೀರೆ, ಪ್ಯಾಂಟು, ಪರದೆ. ಆ ಹತ್ತಿಗೆ ಬೇಕಾದ ನೀರು ಎಂದೋ ಖರ್ಚಾಗಿದೆ, ಸೀರೆಯಾಗಿ ಅದು ದುಡಿದೂ ಆಗಿದೆ. ಡೆನ್ಮಾರ್ಕಿನ 7,100ರ ಸಾಲ ಅದರ ತಲೆಯ ಮೇಲಿಲ್ಲ. ಮಳೆಗಾಲಕ್ಕೆ ಇನ್ನೊಂದು ಉಪಾಯ ಇದೆ, ಇದನ್ನು ನಾನು ಮೂರು ಮಳೆಗಾಲದಿಂದ ಮಾಡಿ ನೋಡಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕಡ್ಡಿ ಮುರಿದ ಕೊಡೆ ಇಲ್ಲದ ಮನೆ ಇಲ್ಲ. ಕಡ್ಡಿಯ ತುದಿಯ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಇಡಿಯಾಗಿ ತೆಗೆಯಿರಿ. ನಡುವಿನ ತೂತಿಗೆ ಅದೇ ಬಟ್ಟೆಯ ತೇಪೆ. ಎರಡಾಗಿ ಮಡಚಿ ಬದಿ ಹೊಲಿದು, ಅಂಚಿನಿಂದ ಕತ್ತರಿಸಿದ ಪಟ್ಟಿಯನ್ನು ಮೂರು ಮಡಿಕೆ ಮಾಡಿ ಹಿಡಿಕೆ ಹಚ್ಚಿ. ಹಿಡಿಕೆಯ ಬುಡದಲ್ಲಿ ಚೌಕ ಹೊಲಿದು ಒಳಗೊಂದು ಅಡ್ಡಗುಣಿತ ಹೊಲಿಗೆ ಹಾಕದಿದ್ದರೆ ಎರಡು ಕಿಲೋ ಬಟಾಟೆಗೇ ಕಿತ್ತುಹೋಗುತ್ತದೆ. ಇದು ನನ್ನದು, ನೋಡಿ. ಮಡಚಿದರೆ ಮುಷ್ಟಿಯಷ್ಟು. ಮಳೆ ಒಳಗೆ ಬರುವುದಿಲ್ಲ, ಝಾಡಿಸಿದರೆ ಒಣಗುತ್ತದೆ. ಇದು ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್ಕೇ. ನಾನು ಅದನ್ನು ಮುಚ್ಚಿಡುವುದಿಲ್ಲ. ಕೊಡೆಯಾಗಿ ಎರಡು ಮಳೆಗಾಲ, ಚೀಲವಾಗಿ ಮೂರು ಮಳೆಗಾಲ ಕಂಡ ಪ್ಲಾಸ್ಟಿಕ್ಕು, ಹತ್ತು ನಿಮಿಷದ ಕಾಗದಕ್ಕಿಂತ ನನಗೆ ಹೆಚ್ಚು ಗೌರವದ್ದಾಗಿ ಕಾಣುತ್ತದೆ.

ಚೀಲವೇ ಬೇಡದ ಸಾಮಾನೂ ಉಂಟು. ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿಯ ಹತ್ತಿರ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರಲ್ಲ. ಈರುಳ್ಳಿಯ ಒಣ ತಾಳನ್ನೇ ಜಡೆ ಹೆಣೆದು ಕಟ್ಟಿದ್ದು. ಮನೆಗೆ ತಂದು ಅಡುಗೆಮನೆಯ ಗಳುವಿಗೆ ತೂಗಿದರೆ ಗಾಳಿಯಾಡುತ್ತ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಈಗ ಕೆಲವರು ಆ ಗೊಂಚಲನ್ನೂ ಕೊಟ್ಟೆಯಲ್ಲಿ ಹಾಕಿ ಕೊಡಿ ಅಂತ ಕೇಳುವುದನ್ನು ನೋಡಿದ್ದೇನೆ. ಕೊಟ್ಟೆಯೊಳಗೆ ಬೆವರಿ ಎರಡೇ ದಿನಕ್ಕೆ ಕೊಳೆಯುತ್ತದೆ.

ಕೊನೆಯಲ್ಲಿ ಮೂರು ಪ್ರಶ್ನೆ ಬಂದವು. ಒಬ್ಬರು ‘ಮೀನಿಗೆ ಏನು ಮಾಡುವುದು?’ ಅಂದರು. ಮುಚ್ಚಳ ಗಟ್ಟಿ ಕೂರುವ ಸ್ಟೀಲ್ ಡಬ್ಬಿ. ತೂಗಿಸುವಾಗ ಡಬ್ಬಿಯ ತೂಕ ಕಳೆಯುವುದಕ್ಕೆ ಮೀನಿನ ಹೆಂಗಸರು ಬೇಸರ ಮಾಡಿಕೊಳ್ಳುವುದಿಲ್ಲ, ಅಷ್ಟಕ್ಕೂ ನಮ್ಮ ಪೇಟೆಯಲ್ಲಿ ತೂಕಕ್ಕಿಂತ ಪಾಲು ಲೆಕ್ಕದ, ಅಂದರೆ ಗುಡ್ಡೆ ಲೆಕ್ಕದ ವ್ಯಾಪಾರವೇ ಹೆಚ್ಚು. ಮೊದಲು ಸಾಗವಾನಿ ಎಲೆಯಲ್ಲಿ ಸುತ್ತಿ ಕೊಡುತ್ತಿದ್ದರು. ಮಳೆಗಾಲದಲ್ಲಿ ಈಗಲೂ ಎಲೆ ಸಿಗುತ್ತದೆ, ಕೇಳಿ ನೋಡಿ. ಒಬ್ಬ ಹುಡುಗ ‘ಚೀಲ ಮರೆತು ಹೋಗುತ್ತದೆ ಮೇಡಂ, ಏನು ಮಾಡಲಿ?’ ಅಂದ. ನಮ್ಮ ಮನೆಯಲ್ಲಿ ಬೈಕಿನ ಕೀಲಿ ತೂಗುಹಾಕುವ ಮೊಳೆಗೇ ಚೀಲ ತೂಗುತ್ತದೆ. ಚೀಲ ಸರಿಸದೆ ಕೀಲಿ ಕೈಗೆ ಬರುವುದಿಲ್ಲ.

ಮೂರನೆಯದು ಕೋಡಿಬಾಗದ ಕಡೆಯ ಒಬ್ಬರದ್ದು. ‘ನಮ್ಮ ಮನೆಯಲ್ಲಿ ಈಗಾಗಲೇ ಒಂದು ಗೋಣಿ ತುಂಬ ಚೀಲ ಇದೆ. ಬಟ್ಟೆಯದ್ದು, ಆ ನೀಲಿಯದ್ದು, ಎಲ್ಲ. ಎಸೆಯಲೂ ಮನಸ್ಸಿಲ್ಲ.’ ಎಸೆಯಬೇಡಿ ಅಂದೆ. ಒಗೆದು ಒಣಗಿಸಿ ಮಡಚಿಡಿ. ಕೀಲಿಯ ಮೊಳೆಗೆ ಎರಡು ಇಟ್ಟುಕೊಂಡು ಉಳಿದದ್ದನ್ನು ಭಾನುವಾರ ಸಂತೆಗೆ ತನ್ನಿ. ನಾನು ಹೇಳಿದ ಆ ಹಾಲಕ್ಕಿ ಅಜ್ಜಿಗೆ ಎರಡು ವಾರದ ಹಿಂದೆ ಹೀಗೆ ಹದಿನಾಲ್ಕು ಚೀಲ ಕೊಟ್ಟುಬಂದೆ. ಮರುವಾರ ಹೋದಾಗ ಬಸಳೆ ಕಟ್ಟಿನ ಪಕ್ಕ, ಬುಟ್ಟಿಯ ಕಿವಿಗೆ ಸಿಕ್ಕಿಸಿದ ಒಂದು ಹಗ್ಗದಲ್ಲಿ ಮೂರು ಚೀಲ ನೇತಾಡುತ್ತಿದ್ದವು. ಉಳಿದ ಹನ್ನೊಂದನ್ನು ಬರಿಗೈಯಲ್ಲಿ ಬಂದವರಿಗೆ ಕೊಟ್ಟಿದ್ದಳು. ‘ಇಬ್ರು ತಿರುಗಿ ತಂದ್ರು’ ಅಂತ ಹೇಳಿ, ನೇತಾಡುತ್ತಿದ್ದವುಗಳಲ್ಲಿ ಎರಡನ್ನು ಮುಟ್ಟಿ ತೋರಿಸಿದಳು.